ಆಗ ಕಾರು ಓಡಿಸಿದವರು ಯಾರು?

ಹವೆ ಕೆಡುತ್ತಿದೆಯೆಂಬ ಮಾತು ಬಂದಾಗಲೆಲ್ಲ ನಮ್ಮವರಲ್ಲಿ ಒಬ್ಬರಾದರೂ ಕೇಳುವ ಪ್ರಶ್ನೆಯಿದು: "ಹಿಂದೆಯೂ ಐದು ಸಲ ಭೂಮಿಯ ಮೇಲೆ ಜೀವರಾಶಿ ನಾಶವಾಗಿತ್ತಲ್ಲ ಸ್ವಾಮಿ, ಆಗ ಕಾರು ಓಡಿಸಿದವರು ಯಾರು?" ಕೇಳಿದವರು ನಗುತ್ತಾರೆ, ಸುತ್ತಲಿದ್ದವರೂ ನಗುತ್ತಾರೆ. ವಿಷಯ ಅಲ್ಲಿಗೆ ಮುಕ್ತಾಯ. ವಿಜ್ಞಾನ ಓದಿದವರೂ ಇದನ್ನೇ ಹೇಳುತ್ತಿರುವುದರಿಂದ ನಾಲ್ಕು ಮಾತು ಬರೆಯಬೇಕಾಗಿದೆ.

ಈ ವಾದಕ್ಕೆ ಬಲ ಬಂದಿರುವುದು ಡೈನೋಸಾರ್‌ಗಳಿಂದ. 6.6 ಕೋಟಿ ವರ್ಷಗಳ ಹಿಂದೆ ಆಕಾಶದಿಂದ ಬಂಡೆಯೊಂದು ಬಿತ್ತು, ಅವು ಸತ್ತವು, ಯಾರ ತಪ್ಪೂ ಅಲ್ಲ! 1980ರಲ್ಲಿ ಆಲ್ವಾರೆಜ್ ತಂದೆ-ಮಗ ಹಾಗೂ ಸಂಗಡಿಗರು ಇರಿಡಿಯಂ ಲೋಹದ ಜಾಡು ಹಿಡಿದು ಇದನ್ನು ಸೂಚಿಸಿದರು. 1991ರಲ್ಲಿ ಮೆಕ್ಸಿಕೋದ ಚಿಕ್ಸುಲೂಬ್‌ನಲ್ಲಿ ಅದರ ಕುಳಿಯೂ ಗುರುತಾಯಿತು. ಇದನ್ನು ನಾನು ಅಲ್ಲಗಳೆಯುತ್ತಿಲ್ಲ. (ಆ ಕಾಲಕ್ಕೇ ನಮ್ಮ ದಖನ್ನಿನಲ್ಲಿ ಲಾವಾ ಹರಿಯುತ್ತಿತ್ತು. ಮುಂಬಯಿ-ಪುಣೆ ನಡುವಿನ ಘಟ್ಟ, ವಿಜಾಪುರದ ಗೋಲಗುಮ್ಮಟದ ಕರಿಕಲ್ಲು, ಎಲ್ಲ ಅದರದೇ. ಡೈನೋಸಾರ್‌ಗಳ ಸಾವಿನಲ್ಲಿ ಅದರ ಪಾಲೆಷ್ಟೆಂಬ ತಕರಾರು ಇನ್ನೂ ಇತ್ಯರ್ಥವಾಗಿಲ್ಲ.) ಆದರೆ ಐದು ಕಡತಗಳಲ್ಲಿ ಒಂದನ್ನು ಮಾತ್ರ ಓದಿ, ಐದಕ್ಕೂ ಅದೇ ಷರಾ ಬರೆಯುವ ಗುಮಾಸ್ತನನ್ನು ಯಾವ ಮೇಲಧಿಕಾರಿ ಸಹಿಸುತ್ತಾನೆ?

ಐದರಲ್ಲಿ ಅತಿ ಘೋರವಾದದ್ದು ಡೈನೋಸಾರ್‌ಗಳು ಹುಟ್ಟುವುದಕ್ಕೂ ಮುಂಚಿನದು. 25.2 ಕೋಟಿ ವರ್ಷಗಳ ಹಿಂದೆ, ಪರ್ಮಿಯನ್ ಅವಧಿಯ ಕೊನೆಯಲ್ಲಿ, ಸಮುದ್ರದ ಜೀವಜಾತಿಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಹೇಳಹೆಸರಿಲ್ಲದಂತಾದವು. 25 ಕೋಟಿ ವರ್ಷಕ್ಕೂ ಮಿಕ್ಕಿ ಬಾಳಿದ್ದ ಟ್ರೈಲೊಬೈಟ್‌ಗಳ ಕಥೆಯೂ ಅಲ್ಲಿಗೆ ಮುಗಿಯಿತು. ಆ ಕಾಲದ ಶಿಲಾಪದರಗಳು ಶ್ರೀನಗರದ ಬಳಿಯ ಗುರ್ಯುಲ್ ಕಣಿವೆಯಲ್ಲಿವೆ. ಕಾಶ್ಮೀರಕ್ಕೆ ಹೋಗುವ ನಮ್ಮವರು ದಾಲ್ ಸರೋವರದಲ್ಲಿ ಫೋಟೋ ತೆಗೆಸಿಕೊಂಡು ಹಿಂದಿರುಗುತ್ತಾರೆ, ಇರಲಿ.

ಅಂದು ಬಂಡೆ ಬೀಳಲಿಲ್ಲ. ಸೈಬೀರಿಯದಲ್ಲಿ ನೆಲ ಬಿರಿಯಿತು. ಲಾವಾ ಹೊರಗೆ ಹರಿದದ್ದು ಒಂದು ಕಡೆ. ಕುದಿಯುವ ಶಿಲಾರಸ ತುಂಗುಸ್ಕಾ ಪ್ರದೇಶದ ಭೂಗರ್ಭದಲ್ಲಿದ್ದ ಕಲ್ಲಿದ್ದಲು, ಎಣ್ಣೆ, ಉಪ್ಪಿನ ಪದರಗಳೊಳಗೆ ನುಗ್ಗಿ ಅವನ್ನು ಬೇಯಿಸಿದ್ದು ಇನ್ನೊಂದು ಕಡೆ. ಅಪಾರ ಇಂಗಾಲದ ಡೈ ಆಕ್ಸೈಡ್ ಗಾಳಿಗೆ ಸೇರಿತು. ಸಮುದ್ರ ಸುಮಾರು 10 ಡಿಗ್ರಿ ಬಿಸಿಯಾಯಿತು, ನೀರಿನಲ್ಲಿ ಆಮ್ಲಜನಕ ಕುಂದಿತು, ಆಮ್ಲದ ಗುಣ ಹೆಚ್ಚಿತು. ಮೀನಿನ ತೊಟ್ಟಿಯ ನೀರು ಬೇಸಗೆಯಲ್ಲಿ ಕಾದಾಗ ಮೀನುಗಳು ಬಾಯಿ ಬಾಯಿ ಬಿಡುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೆಲದ ಮೇಲೆ ಜೌಗುಕಾಡುಗಳು ಎಷ್ಟು ನಿರ್ನಾಮವಾದವೆಂದರೆ, ಮುಂದೆ ಸುಮಾರು ಒಂದು ಕೋಟಿ ವರ್ಷ ಹೊಸ ಕಲ್ಲಿದ್ದಲಿನ ಪದರವೇ ಏರ್ಪಡಲಿಲ್ಲ.

ಆಗ ಕಾರು ಓಡಿಸಿದವರು ಯಾರೂ ಇರಲಿಲ್ಲ, ಒಪ್ಪಿದೆ. ಆದರೆ ಉರಿದದ್ದು ಅದೇ ಕಲ್ಲಿದ್ದಲು, ಅದೇ ಎಣ್ಣೆ! ಸಿಡಿಲು ಬಡಿದೂ ಬಣವೆ ಸುಡುತ್ತದೆಂದು, ಬಣವೆಗೆ ಕೊಳ್ಳಿಯಿಟ್ಟವನನ್ನು ಊರವರು ಬಿಟ್ಟುಬಿಡುತ್ತಾರೆಯೇ?

"ಅದೆಲ್ಲ ಲಕ್ಷಾಂತರ ವರ್ಷಗಳ ಮಾತು" ಎಂದು ಜಾರಿಕೊಳ್ಳುವವರೂ ಇದ್ದಾರೆ. ಚೀನಾದ ಶಿಲೆಗಳ ಕಾಲನಿರ್ಣಯದಂತೆ ಆ ಸಂಹಾರದ ಮುಖ್ಯ ಘಟ್ಟ ನಡೆದುಹೋದದ್ದು ಸುಮಾರು 60 ಸಾವಿರ ವರ್ಷಗಳಲ್ಲಿ. ನಮ್ಮ ಲೆಕ್ಕ ನೋಡೋಣ. ಕೈಗಾರಿಕೆಗಳು ಬರುವ ಮೊದಲು ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 280 ಭಾಗವಿದ್ದ ಇಂಗಾಲದ ಡೈ ಆಕ್ಸೈಡ್, ಮುನ್ನೂರು ವರ್ಷ ತುಂಬುವ ಮೊದಲೇ 420ನ್ನು ದಾಟಿದೆ. ವರ್ಷಕ್ಕೆ 3,500 ಕೋಟಿ ಟನ್ನಿಗೂ ಹೆಚ್ಚು ಸುರಿಯುತ್ತಿದ್ದೇವೆ. ಒಟ್ಟು ಮೊತ್ತದಲ್ಲಿ ಸೈಬೀರಿಯದ ಹತ್ತಿರಕ್ಕೂ ನಾವು ಬಂದಿಲ್ಲ, ನಿಜ. ಆದರೆ ವರ್ಷವಾರು ಲೆಕ್ಕ ಹಾಕಿದ ವಿಜ್ಞಾನಿಗಳ ಅಂದಾಜಿನಲ್ಲಿ ಆ ಜ್ವಾಲಾಮುಖಿಗಳಿಗಿಂತ ನಮ್ಮ ವೇಗವೇ ಹೆಚ್ಚು.