ನರ್ಸ್ ನೋಡಬೇಕಾದ್ದಕ್ಕೆ ಸ್ಕ್ಯಾನ್ ಬಿಲ್

ಬೈಕಿನಿಂದ ಬಿದ್ದು ಬಂದವನ ತಲೆಗೆ ಮಾಡುವ ಮೊದಲ ಸಿ.ಟಿ. ಸ್ಕ್ಯಾನ್ ಬಗ್ಗೆ ನನ್ನ ತಕರಾರಿಲ್ಲ. ಜಗಳವಿರುವುದು ಎರಡನೆಯದರ ಬಗ್ಗೆ. ಮೊದಲ ಚಿತ್ರದಲ್ಲಿ ಸಣ್ಣಗೆ ರಕ್ತ ಕಂಡಿದೆ, ಸರಿ. ರೋಗಿ ಎಚ್ಚರವಾಗಿದ್ದಾನೆ, ಹೆಸರು ಊರು ಹೇಳುತ್ತಾನೆ, ಕಾಫಿ ಕೇಳುತ್ತಾನೆ. ಅಂಥವನನ್ನೂ ಆರು ಗಂಟೆ ಕಳೆದ ಮೇಲೋ ಮರುದಿನ ಬೆಳಿಗ್ಗೆಯೋ ಮತ್ತೆ ಸ್ಟ್ರೆಚರ್ ಹತ್ತಿಸುವ ರೂಢಿ ಅನೇಕ ಆಸ್ಪತ್ರೆಗಳಲ್ಲಿದೆ. ಏಕೆಂದರೆ ‘ಪ್ರೋಟೊಕಾಲ್’. ಇದು ನಿಲ್ಲಬೇಕು.

ರೂಢಿಯ ಪರ ಇರುವವರು ನಟಿ ನತಾಶಾ ರಿಚರ್ಡ್‌ಸನ್ ಹೆಸರು ಹೇಳಿ ಹೆದರಿಸುತ್ತಾರೆ. 2009ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಸ್ಕೀಯಿಂಗ್ ಮಾಡುತ್ತ ಬಿದ್ದ ಆಕೆ ಮಾತಾಡುತ್ತಲೇ ಎದ್ದರು, ಎರಡು ದಿನದಲ್ಲಿ ತೀರಿಕೊಂಡರು. ತಲೆಬುರುಡೆಯೊಳಗೆ ರಕ್ತ ತುಂಬಿತ್ತು. ಭಯ ನಿಜವೇ. ಆದರೆ ಆಕೆ ಚಿಕಿತ್ಸೆ ಬೇಡವೆಂದು ಹೋಟೆಲ್ ಕೋಣೆಗೆ ಮರಳಿದ್ದರು. ಮೊದಮೊದಲು ಸ್ಕ್ಯಾನೂ ಇರಲಿಲ್ಲ, ವೈದ್ಯರ ನಿಗಾವೂ ಇರಲಿಲ್ಲ. ಎರಡನೇ ಸ್ಕ್ಯಾನಿಗೆ ಅದು ಸಾಕ್ಷಿಯಾಗುವುದು ಹೇಗೆ?

ನಿಗಾ ಇಡುವುದಕ್ಕೆ ಸಾಧನ ಹಳೆಯದು, ಅಗ್ಗದ್ದು. 1974ರಲ್ಲಿ ಟೀಸ್‌ಡೇಲ್ ಮತ್ತು ಜೆನೆಟ್ ರೂಪಿಸಿದ, ಪ್ರಜ್ಞೆಗೆ ಅಂಕ ಕೊಡುವ ಗ್ಲಾಸ್ಗೊ ಕೋಮಾ ಸ್ಕೇಲ್‌ಗೆ ಬೇಕಾದದ್ದು ಕಣ್ಣು, ಮಾತು, ಕೈಕಾಲಿನ ಚಲನೆ ನೋಡಬಲ್ಲ ಒಬ್ಬ ಮನುಷ್ಯ. ಪೂರ್ತಿ 15 ಅಂಕವಿರುವ ರೋಗಿಯನ್ನೂ ಎರಡು ಗಂಟೆ ಕಾಲ ಅರ್ಧ ಗಂಟೆಗೊಮ್ಮೆ, ಮುಂದಿನ ನಾಲ್ಕು ಗಂಟೆ ತಾಸಿಗೊಮ್ಮೆ, ಆಮೇಲೆ ಎರಡು ತಾಸಿಗೊಮ್ಮೆ ನೋಡಬೇಕೆನ್ನುತ್ತದೆ ಬ್ರಿಟನ್ನಿನ ಆರೋಗ್ಯ ಸಂಸ್ಥೆ ನೈಸ್‌ನ ಮಾರ್ಗಸೂಚಿ. ಅಂಕ ಇಳಿದರೆ, ಹೊಸದಾಗಿ ವಾಂತಿಯಾದರೆ, ತಲೆನೋವು ಏರಿದರೆ ತಕ್ಷಣ ಸ್ಕ್ಯಾನ್. ಅಮೆರಿಕದ ಅರಿಜೋನಾದ ವೈದ್ಯರು 2014ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಇನ್ನೂ ನೇರ: ರಕ್ತದ ಪದರ 4 ಮಿ.ಮೀ. ಮೀರಿಲ್ಲ, ಬುರುಡೆ ಒಡೆದಿಲ್ಲ, ಕುಡಿದ ಅಮಲಿಲ್ಲ, ರಕ್ತ ತೆಳುಮಾಡುವ ಮಾತ್ರೆಯಿಲ್ಲ, ನರಪರೀಕ್ಷೆ ಸರಿಯಿದೆ ಎಂದಾದರೆ ಆರು ಗಂಟೆ ನಿಗಾ ಸಾಕು, ಮರುಸ್ಕ್ಯಾನ್ ಬೇಡ.

ವೆಂಟಿಲೇಟರಿನಲ್ಲಿ ನಿದ್ದೆ ಬರಿಸಿ ಮಲಗಿಸಿದವರ ಮಾತು ಬೇರೆ. ಅವರ ಪ್ರಜ್ಞೆಯನ್ನು ಹೀಗೆ ಪರೀಕ್ಷಿಸುವುದು ಕಷ್ಟ. ರಕ್ತ ತೆಳುಮಾಡುವ ವಾರ್ಫರಿನ್ ನುಂಗುವವರಿಗೂ ದೊಡ್ಡ ರಕ್ತಗಡ್ಡೆಯಿದ್ದವರಿಗೂ ಮರುಸ್ಕ್ಯಾನ್ ಬೇಕಾಗಬಹುದು; ಬೇಕಾದವರಿಗೆ ಹತ್ತು ಸಲವಾದರೂ ಮಾಡಲಿ.

ಹಾಗಿದ್ದೂ ರೂಢಿ ಏಕೆ ಬಿಡುವುದಿಲ್ಲ? ನಡುರಾತ್ರಿ ತಾಸಿಗೊಮ್ಮೆ ರೋಗಿಯನ್ನು ಎಬ್ಬಿಸಿ, ಟಾರ್ಚ್ ಹಾಕಿ ಕಣ್ಣುಪಾಪೆ ನೋಡಲು ವಾರ್ಡಿನಲ್ಲಿ ನರ್ಸ್‌ಗಳು ಸಾಲದು. ಇರುವ ಒಬ್ಬಳು ಎಷ್ಟು ಹಾಸಿಗೆ ಸುತ್ತಿಯಾಳು? ನರ್ಸಿಗೆ ಸಂಬಳ ಕೊಡುವುದು ಆಸ್ಪತ್ರೆ, ಸ್ಕ್ಯಾನಿಗೆ ದುಡ್ಡು ಕಟ್ಟುವುದು ರೋಗಿಯ ಮನೆಯವರು. ಲೆಕ್ಕ ಸುಲಭ. ಅದಕ್ಕಿಂತ ಕೆಟ್ಟದ್ದೆಂದರೆ, ಬೆಳಗಿನ ಸ್ಕ್ಯಾನ್ ಇದೆಯಲ್ಲ ಎಂಬ ಧೈರ್ಯದಲ್ಲಿ ರಾತ್ರಿಯ ನಿಗಾ ಸಡಿಲವಾಗುತ್ತದೆ. ಸ್ಕ್ಯಾನ್ ತೋರಿಸುವುದು ಆ ಒಂದು ಕ್ಷಣವನ್ನು. ರಕ್ತ ಹೆಚ್ಚುವುದು ರಾತ್ರಿ ಎರಡು ಗಂಟೆಗಾದರೆ ಬೆಳಗಿನ ಚಿತ್ರ ಬರುವಷ್ಟರಲ್ಲಿ ಕಾಲ ಮಿಂಚಿರುತ್ತದೆ.

ವಿಕಿರಣದ ಬಗ್ಗೆ ಗಾಬರಿ ಹುಟ್ಟಿಸಲಾರೆ: ತಲೆಯ ಒಂದು ಸಿ.ಟಿ.ಗೆ ಸುಮಾರು 2 ಮಿಲಿಸೀವರ್ಟ್, ಹೆಚ್ಚುಕಡಿಮೆ ವರ್ಷವಿಡೀ ನಿಸರ್ಗದಿಂದ ಬರುವಷ್ಟು. ಮಕ್ಕಳ ವಿಷಯದಲ್ಲಿ ಮಾತ್ರ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಆಸ್ಪತ್ರೆಯಲ್ಲಿ ಅಟೆಂಡರಾಗಿ ನಿಂತವರು ಒಂದು ಮಾತು ಕೇಳಿ. ರೋಗಿ ಮಂಕಾದರೆ, ವಾಂತಿ ಮಾಡಿಕೊಂಡರೆ ಚರ್ಚೆಗೆ ನಿಲ್ಲಬೇಡಿ, ಸ್ಕ್ಯಾನಿಗೆ ಕಳಿಸಿ. ಚೆನ್ನಾಗಿಯೇ ಇರುವವನ ಹೆಸರಲ್ಲಿ ಎರಡನೇ ಚೀಟಿ ಬಂದರೆ, ದುಡ್ಡು ಕಟ್ಟುವ ಮುಂಚೆ ಡಾಕ್ಟರನ್ನು ಕೇಳಿ: ‘ಏನು ಬದಲಾಗಿದೆ ಸಾರ್? ರಾತ್ರಿ ನೋಡಿದ ಚಾರ್ಟ್ ಎಲ್ಲಿ?’