ಹಾಸಿಗೆ ಊಟಿಯಲ್ಲಿ, ರೋಗಿ ಹಾಡಿಯಲ್ಲಿ

1952ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಲೇಮನ್ ಮತ್ತು ಕಟ್‌ಬುಷ್ ಎಂಬ ಇಬ್ಬರು ಸಂಶೋಧಕರ ಲೇಖನವೊಂದು ಪ್ರಕಟವಾಯಿತು. ನೀಲಗಿರಿಯ ಬುಡಕಟ್ಟು ಜನರ ರಕ್ತದಲ್ಲಿ ಕೆಂಪು ಕಣಗಳು ಕುಡುಗೋಲಿನಂತೆ ಬಾಗುವ ಲಕ್ಷಣವಿದೆ ಎಂದು ಅವರು ಅದರಲ್ಲಿ ತೋರಿಸಿದ್ದರು. ಸಿಕಲ್ ಸೆಲ್ ಭಾರತದಲ್ಲಿಯೂ ಇದೆ ಎಂದು ವೈದ್ಯಲೋಕಕ್ಕೆ ತಿಳಿಸಿದ ಮೊದಲ ವರದಿಗಳಲ್ಲಿ ಇದೂ ಒಂದು. ಈ ರೋಗವನ್ನು 2047ರ ಹೊತ್ತಿಗೆ ನಿರ್ಮೂಲನ ಮಾಡುವ ರಾಷ್ಟ್ರೀಯ ಅಭಿಯಾನಕ್ಕೆ ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಚಾಲನೆ ಸಿಕ್ಕಿದ್ದು 2023ರ ಜುಲೈ 1ರಂದು. ಈ ಎರಡರ ನಡುವೆ 71 ವರ್ಷಗಳು ಕಳೆದಿವೆ. ನೀಲಗಿರಿಯ ರಕ್ತದ ಸುದ್ದಿ ಲಂಡನ್ನಿನ ಪತ್ರಿಕೆಗೆ ಬೇಗ ತಲುಪಿತು. ರಕ್ತ ಕೊಟ್ಟವರ ಹಾಡಿಗೆ ಚಿಕಿತ್ಸೆಯಾಗಿ ಮರಳಿ ಬರಲು ಅದು ಎರಡು ತಲೆಮಾರು ತೆಗೆದುಕೊಂಡಿತು.

ನೀಲಗಿರಿಯ ಆರೋಗ್ಯ ವ್ಯವಸ್ಥೆಯ ಮುಖ್ಯ ಕೊರತೆ ಈ ಅಂತರದಲ್ಲೇ ಇದೆ. ಕಟ್ಟಡಗಳು ಏಳುತ್ತಿವೆ, ಯೋಜನೆಗಳು ಬರುತ್ತಿವೆ. ಹಾಡಿಯ ರೋಗಿಯನ್ನು ಆ ಕಟ್ಟಡದವರೆಗೆ ಕರೆತರುವ, ಮನೆಗೆ ಮರಳಿದ ಮೇಲೂ ಕೈಬಿಡದೆ ವಿಚಾರಿಸಿಕೊಳ್ಳುವ ಜನ ಸಾಲದು. ಅಂಥವರು ಹಾಡಿಯೊಳಗಿನಿಂದಲೇ ಬರಬೇಕು, ಅವರಿಗೆ ಕಾಯಂ ಸಂಬಳ ಇರಬೇಕು, ಆರೋಗ್ಯ ಕೇಂದ್ರದ ತೀರ್ಮಾನಗಳಲ್ಲಿ ಅವರ ಮಾತು ನಡೆಯಬೇಕು. ಇದೇ ಜಿಲ್ಲೆಯ ಗೂಡಲೂರಿನ ಆದಿವಾಸಿಗಳು ಇದನ್ನು ಮೂರು ದಶಕಗಳಿಗೂ ಹೆಚ್ಚು ಕಾಲದಿಂದ ಮಾಡಿ ತೋರಿಸಿದ್ದಾರೆ. ಸರ್ಕಾರ ಅದನ್ನು ತನ್ನ ವ್ಯವಸ್ಥೆಯ ಭಾಗವಾಗಿಸಿಕೊಳ್ಳುವುದು ಮಾತ್ರ ಬಾಕಿ ಇದೆ.

ತಮಿಳುನಾಡು ಮಾಡಿರುವುದನ್ನು ಮೊದಲು ಒಪ್ಪಿಕೊಳ್ಳೋಣ. 2022ರ ಜನವರಿಯಲ್ಲಿ ಉದ್ಘಾಟನೆಯಾದ 11 ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ನೀಲಗಿರಿಯದೂ ಒಂದು. 2025ರ ಏಪ್ರಿಲ್‌ನಲ್ಲಿ ಊಟಿಯಲ್ಲಿ 700 ಹಾಸಿಗೆಗಳ ಸರ್ಕಾರಿ ಆಸ್ಪತ್ರೆಯೂ ಬಾಗಿಲು ತೆರೆಯಿತು. ಸ್ವಲ್ಪ ಗಂಭೀರವಾದ ಕಾಯಿಲೆ ಬಂದರೂ ಘಟ್ಟ ಇಳಿದು ಕೊಯಮತ್ತೂರಿಗೆ ಹೋಗಬೇಕಿದ್ದ ಗುಡ್ಡಗಾಡಿನ ಜಿಲ್ಲೆಗೆ ಇದು ಸಣ್ಣ ಸಂಗತಿಯಲ್ಲ. ರಕ್ತದೊತ್ತಡ, ಮಧುಮೇಹದ ರೋಗಿಗಳ ಮನೆಬಾಗಿಲಿಗೆ ಔಷಧಿ ಒಯ್ಯುವ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯನ್ನು ಆ ರಾಜ್ಯ 2021ರ ಆಗಸ್ಟ್‌ನಲ್ಲಿ ಆರಂಭಿಸಿತು. ಔಷಧಿ ಖರೀದಿ ಮತ್ತು ಹಂಚಿಕೆಗೆ 1990ರ ದಶಕದಲ್ಲೇ ಅದು ಕಟ್ಟಿದ ನಿಗಮ ಬೇರೆ ರಾಜ್ಯಗಳಿಗೆ ಮಾದರಿಯಾಯಿತು. ಇಷ್ಟು ಶಕ್ತಿಯಿರುವ ರಾಜ್ಯದಲ್ಲೂ ಕಾಡಂಚಿನ ರೋಗಿ ಹಿಂದೆ ಉಳಿಯುತ್ತಾನೆಂದರೆ ಕಾರಣವನ್ನು ಹಾಸಿಗೆಗಳ ಲೆಕ್ಕದ ಆಚೆ ಹುಡುಕಬೇಕು.

ಗೂಡಲೂರಿನಿಂದ ಊಟಿಗೆ 50 ಕಿಲೊಮೀಟರ್ ಘಟ್ಟದ ದಾರಿ. ಪಂದಲೂರು ತಾಲ್ಲೂಕಿನ ಹಾಡಿಗಳಿಗೆ ಇನ್ನೂ ದೂರ. ಮಸಿನಗುಡಿಯವರು ಕಲ್ಲಟ್ಟಿಯ 36 ತಿರುವುಗಳನ್ನು ಹತ್ತಬೇಕು, ಇಲ್ಲವೇ ತೆಪ್ಪಕಾಡಿನ ಮೂಲಕ ಸುತ್ತಿಕೊಂಡು ಹೋಗಬೇಕು. ಚಹಾ ತೋಟದಲ್ಲಿ ದಿನಗೂಲಿಗೆ ದುಡಿಯುವ ಪಣಿಯ ಹೆಂಗಸಿಗೆ ಆಸ್ಪತ್ರೆಯ ಒಂದು ಭೇಟಿಯೆಂದರೆ ಒಂದು ದಿನದ ಕೂಲಿ, ಬಸ್ಸಿನ ಖರ್ಚು, ಜೊತೆಗೆ ಬರುವವರ ಕೂಲಿ. ಸಂಜೆಯಾದರೆ ದಾರಿಯಲ್ಲಿ ಆನೆಯ ಭಯ. ಬಂಡೀಪುರ ಮತ್ತು ಮುದುಮಲೆ ಹಾದು ಮೈಸೂರಿಗೆ ಹೋಗುವ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಆಂಬುಲೆನ್ಸ್‌ಗೆ ವಿನಾಯಿತಿ ಉಂಟು, ಆದರೆ ಆಂಬುಲೆನ್ಸ್ ಬರಲಾಗದ ಹಾಡಿಯವರು ಬಾಡಿಗೆ ಜೀಪನ್ನೇ ನಂಬಬೇಕು. ಗೂಡಲೂರಿನ ಬಹಳಷ್ಟು ಭೂಮಿ 1969ರ ಜನ್ಮಂ ಎಸ್ಟೇಟ್ ರದ್ದತಿ ಕಾಯ್ದೆಯ ವ್ಯಾಜ್ಯದಲ್ಲಿ ಸಿಕ್ಕಿಕೊಂಡಿದೆ. ಹಕ್ಕು ತೀರ್ಮಾನವಾಗದ ಜಾಗಕ್ಕೆ ರಸ್ತೆ, ವಿದ್ಯುತ್ ಬರುವುದು ಕಷ್ಟ. ಹೀಗೆ ಜಮೀನಿನ ಮೊಕದ್ದಮೆಯೊಂದು ಬಾಣಂತಿಯ ಪ್ರಾಣದ ಪ್ರಶ್ನೆಯಾಗುತ್ತದೆ.

ತಮಿಳುನಾಡಿನ ಆರು ವಿಶೇಷ ದುರ್ಬಲ ಬುಡಕಟ್ಟುಗಳಾದ ತೋಡ, ಕೋತ, ಕುರುಂಬ, ಇರುಳ, ಪಣಿಯ, ಕಾಟ್ಟುನಾಯಕ ಸಮುದಾಯಗಳೆಲ್ಲವೂ ನೀಲಗಿರಿಯಲ್ಲಿವೆ. 2011ರ ಜನಗಣತಿಯಂತೆ ಜಿಲ್ಲೆಯ 7.35 ಲಕ್ಷ ಜನರಲ್ಲಿ ಪರಿಶಿಷ್ಟ ಪಂಗಡದವರು ಶೇ 4.5ರಷ್ಟೂ ಇಲ್ಲ. ಸಂಖ್ಯೆ ಚಿಕ್ಕದಾದ್ದರಿಂದ ಮತಪೆಟ್ಟಿಗೆಯಲ್ಲಿ ಅವರ ತೂಕವೂ ಕಡಿಮೆ. ಗುಡ್ಡಗಾಡಿನಲ್ಲಿ 3,000 ಜನರಿಗೆ ಒಂದು ಉಪಕೇಂದ್ರ, 20,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 80,000 ಜನರಿಗೆ ಒಂದು ಸಮುದಾಯ ಆರೋಗ್ಯ ಕೇಂದ್ರ ಇರಬೇಕೆಂಬುದು ದೇಶದ ಮಾನದಂಡ. ಬಯಲುಸೀಮೆಗಿಂತ ಇದು ಉದಾರವಾದದ್ದೇ. ಆದರೂ ಗೂಡಲೂರು, ಪಂದಲೂರು ತಾಲ್ಲೂಕುಗಳ ಸುಮಾರು 20,000 ಆದಿವಾಸಿಗಳು ವಾಸವಾಗಿರುವುದು ಮುನ್ನೂರರ ಆಸುಪಾಸಿನ ಚಿಕ್ಕ ಚಿಕ್ಕ ಹಾಡಿಗಳಲ್ಲಿ. ತಲೆ ಎಣಿಸಿ ಕಟ್ಟಿದ ಕೇಂದ್ರಕ್ಕೆ ಅಲ್ಲಿನವರು ಎಷ್ಟು ಹೊತ್ತು ನಡೆಯಬೇಕು ಎಂಬ ಲೆಕ್ಕ ಈ ಮಾನದಂಡದೊಳಗೆ ಬರುವುದಿಲ್ಲ.

ಈ ಹಿನ್ನೆಲೆಯಲ್ಲಿ ಗೂಡಲೂರಿನ ಅನುಭವವನ್ನು ನೋಡಬೇಕು. 1980ರ ದಶಕದ ನಡುಭಾಗದಲ್ಲಿ ಸ್ಟ್ಯಾನ್ ತೇಕೆಕರ ಮತ್ತು ಮಾರಿ ಮಾರ್ಸೆಲ್ ತೇಕೆಕರ ದಂಪತಿ ಅಲ್ಲಿ ಅಕಾರ್ಡ್ ಸಂಸ್ಥೆಯನ್ನು ಆರಂಭಿಸಿದರು. ಅವರು ಮೊದಲು ಕೈಹಾಕಿದ್ದು ಭೂಮಿಯ ಪ್ರಶ್ನೆಗೆ. ಆದಿವಾಸಿಗಳದೇ ಸಂಘಟನೆಯಾಗಿ ಆದಿವಾಸಿ ಮುನ್ನೇಟ್ರ ಸಂಗಮ್ ಹುಟ್ಟಿಕೊಂಡಿತು. 1988ರ ಡಿಸೆಂಬರ್ 5ರಂದು ಸಾವಿರಾರು ಆದಿವಾಸಿಗಳು ಭೂಮಿಯ ಹಕ್ಕಿಗಾಗಿ ಗೂಡಲೂರಿನ ಬೀದಿಯಲ್ಲಿ ಮೆರವಣಿಗೆ ನಡೆಸಿದರು. 1987ರಲ್ಲಿ ಬಂದ ವೈದ್ಯ ದಂಪತಿ ಎನ್. ದೇವದಾಸನ್ ಮತ್ತು ರೂಪಾ ದೇವದಾಸನ್, ಹಾಡಿಗಳ ಯುವಜನರಿಗೆ ತರಬೇತಿ ಕೊಟ್ಟು ಆರೋಗ್ಯ ಕಾರ್ಯಕರ್ತರನ್ನಾಗಿ ಮಾಡಿದರು. ಲಸಿಕೆ, ಗರ್ಭಿಣಿಯರ ತಪಾಸಣೆ, ಅತಿಸಾರದ ಮಕ್ಕಳ ಆರೈಕೆ ಅವರ ಮೊದಲ ಕೆಲಸಗಳಾದವು.

ಕಾರ್ಯಕರ್ತರು ಗುರುತಿಸಿದ ರೋಗಿಗಳನ್ನು ಸೇರಿಸಲು ಆಸ್ಪತ್ರೆಯೂ ಬೇಕಾಯಿತು. 1990ರಲ್ಲಿ ಅಶ್ವಿನಿ ಎಂಬ ಹೆಸರಿನ ಸಂಸ್ಥೆ ರೂಪುಗೊಂಡು ಗೂಡಲೂರು ಆದಿವಾಸಿ ಆಸ್ಪತ್ರೆ ಆರಂಭವಾಯಿತು. ಶಸ್ತ್ರಚಿಕಿತ್ಸಕ ನಂದಕುಮಾರ್ ಮೆನನ್ ಮತ್ತು ಪ್ರಸೂತಿ ತಜ್ಞೆ ಶೈಲಾ ದೇವಿ ಅದನ್ನು ಕಟ್ಟಿ ನಿಲ್ಲಿಸಿದರು. ಹೆಚ್ಚು ಓದಿರದ ಆದಿವಾಸಿ ಹೆಣ್ಣುಮಕ್ಕಳು ಅಲ್ಲಿಯೇ ಕಲಿತು ನರ್ಸ್‌ಗಳಾದರು, ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ನಿಂತರು, ಪ್ರಯೋಗಾಲಯ ನಡೆಸಿದರು. ವೈದ್ಯರು ಎಲ್ಲಿಂದಲೋ ಬರುತ್ತಾರೆ, ಕೆಲವು ವರ್ಷವಿದ್ದು ಹೋಗುತ್ತಾರೆ. ಈ ಹೆಣ್ಣುಮಕ್ಕಳು ಹೋಗುವುದಿಲ್ಲ. ಬೆಟ್ಟಕುರುಂಬ ಅಜ್ಜಿ ತನ್ನ ಮಾತಿನಲ್ಲೇ ನೋವು ಹೇಳಿಕೊಳ್ಳಬಹುದಾದ ನರ್ಸ್ ವಾರ್ಡಿನಲ್ಲಿದ್ದರೆ ಅಜ್ಜಿ ಅರ್ಧ ಚಿಕಿತ್ಸೆಯಲ್ಲೇ ಎದ್ದು ಹಾಡಿಗೆ ಹೊರಟುಹೋಗುವ ಸಂಭವ ಕಡಿಮೆ.

ಹಣದ ವಿಷಯದಲ್ಲೂ ಗೂಡಲೂರು ಮುಂದೆ ಯೋಚಿಸಿತು. 1992ರಲ್ಲಿ ಸಂಗಮ್‌ನ ಸದಸ್ಯರಿಗೆ ನ್ಯೂ ಇಂಡಿಯಾ ಅಶ್ಯೂರೆನ್ಸ್ ಮೂಲಕ ಸಾಮೂಹಿಕ ವಿಮೆ ಮಾಡಿಸಲಾಯಿತು. ಆಸ್ಪತ್ರೆಯ ಖರ್ಚಷ್ಟೇ ಅಲ್ಲದೆ ಸಾವು, ಅಂಗವೈಕಲ್ಯ, ಗುಡಿಸಲಿನ ಹಾನಿಯೂ ಅದರ ವ್ಯಾಪ್ತಿಗೆ ಬಂದವು. ಕಂತಿನ ಒಂದು ಪಾಲನ್ನು ಆದಿವಾಸಿಗಳೇ ಕಟ್ಟುತ್ತಿದ್ದರು, ಉಳಿದದ್ದನ್ನು ಸಂಸ್ಥೆ ಭರಿಸುತ್ತಿತ್ತು. ಕರ್ನಾಟಕದ ರೈತರಿಗೆ ಯಶಸ್ವಿನಿ ಯೋಜನೆ ಬಂದಿದ್ದು 2003ರಲ್ಲಿ; ಅದಕ್ಕಿಂತ ಹನ್ನೊಂದು ವರ್ಷ ಮೊದಲೇ ಕಾಡಂಚಿನ ಕೂಲಿಕಾರರು ಆರೋಗ್ಯ ವಿಮೆ ಕಟ್ಟುತ್ತಿದ್ದರು. ದೇವದಾಸನ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಿಮೆ ಇದ್ದವರು ಆಸ್ಪತ್ರೆಗೆ ದಾಖಲಾದ ಪ್ರಮಾಣ ಇಲ್ಲದವರಿಗಿಂತ ಎರಡು ಪಟ್ಟಿಗೂ ಹೆಚ್ಚು. ಬಡವರು ಆಸ್ಪತ್ರೆಗೆ ಬರದಿರುವುದಕ್ಕೆ ಅವರ ಮೌಢ್ಯವೇ ಕಾರಣ ಎಂಬ ಮಾತಿಗೆ ಈ ಅಂಕಿಯೇ ಉತ್ತರ. ಹಣದ ಭಯ ಹೋಗಿ ನಂಬುವ ಜನ ಸಿಕ್ಕಿದರೆ ಅವರು ಬರುತ್ತಾರೆ.

ಸಿಕಲ್ ಸೆಲ್ ರೋಗವು ಈ ವ್ಯವಸ್ಥೆಯ ಬೆಲೆಯನ್ನು ಎಲ್ಲಕ್ಕಿಂತ ಸ್ಪಷ್ಟವಾಗಿ ತಿಳಿಸುತ್ತದೆ. ತಂದೆ, ತಾಯಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಮಗುವಿಗೂ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಬಾಗಿದ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡಾಗ ಮೂಳೆ ಮುರಿದಂಥ ನೋವು ಬರುತ್ತದೆ, ಸೋಂಕು ಬೇಗ ತಗಲುತ್ತದೆ, ಅಂಗಗಳು ಹಾಳಾಗುತ್ತವೆ. ಹೈಡ್ರಾಕ್ಸಿಯೂರಿಯಾ ಮಾತ್ರೆ ಈ ನೋವಿನ ದಾಳಿಗಳನ್ನು ಬಹಳ ಕಡಿಮೆ ಮಾಡುತ್ತದೆ. ಆದರೆ ಅದನ್ನು ದಿನವೂ, ವರ್ಷಗಟ್ಟಲೆ ನುಂಗಬೇಕು, ನಡುನಡುವೆ ರಕ್ತ ಪರೀಕ್ಷೆ ಮಾಡಿಸಬೇಕು. 700 ಹಾಸಿಗೆಗಳ ಆಸ್ಪತ್ರೆ ಈ ಕೆಲಸ ಮಾಡಲಾರದು. ತಿಂಗಳಿಗೊಮ್ಮೆ ಹಾಡಿಗೆ ಬಂದು ಡಬ್ಬಿಯಲ್ಲಿ ಎಷ್ಟು ಮಾತ್ರೆ ಉಳಿದಿದೆ ಎಂದು ನೋಡುವ, ಜ್ವರ ಬಂದ ಮಗುವನ್ನು ಅಂದೇ ಕರೆದೊಯ್ಯಲು ಹೇಳುವ, ವಾಹಕಿಯಾದ ಹುಡುಗಿಗೆ ಮದುವೆಯ ಮಾತುಕತೆಯಲ್ಲಿ ಅವಮಾನವಾಗದಂತೆ ತಿಳಿಹೇಳುವ ಕಾರ್ಯಕರ್ತೆ ಮಾಡಬಲ್ಲಳು. ರಾಷ್ಟ್ರೀಯ ಅಭಿಯಾನ 7 ಕೋಟಿ ಜನರ ತಪಾಸಣೆಯ ಗುರಿ ಇಟ್ಟುಕೊಂಡಿದೆ. ತಪಾಸಣೆಯ ಕಾರ್ಡು ಕೊಟ್ಟ ಮರುದಿನದಿಂದ ರೋಗಿಯನ್ನು ನೋಡಿಕೊಳ್ಳುವವರು ಯಾರು ಎಂಬುದಕ್ಕೆ ಪ್ರತಿ ಹಾಡಿಯಲ್ಲೂ ಉತ್ತರ ಸಿಗಬೇಕು. ಅಶ್ವಿನಿಯ ಬಳಿ ಆ ಉತ್ತರ ವರ್ಷಗಳಿಂದ ಇದೆ.

ಈ ಯೋಚನೆ ಗೂಡಲೂರಿಗೆ ಸೀಮಿತವಾದದ್ದೇನೂ ಅಲ್ಲ. ದಕ್ಷಿಣ ಆಫ್ರಿಕಾದ ಫೋಲೆಲಾದಲ್ಲಿ 1940ರಲ್ಲಿ ಸಿಡ್ನಿ ಮತ್ತು ಎಮಿಲಿ ಕಾರ್ಕ್ ದಂಪತಿ ಕಟ್ಟಿದ ಸಮುದಾಯ ಆರೋಗ್ಯ ಕೇಂದ್ರವನ್ನು ನೋಡಿ ಕಲಿತ ವೈದ್ಯ ಜ್ಯಾಕ್ ಗೈಗರ್, 1960ರ ದಶಕದಲ್ಲಿ ಅಮೆರಿಕದ ಬಾಸ್ಟನ್ ಮತ್ತು ಮಿಸಿಸಿಪ್ಪಿಯಲ್ಲಿ ಅಂಥ ಕೇಂದ್ರಗಳನ್ನು ತೆರೆದರು. ಮಿಸಿಸಿಪ್ಪಿಯಲ್ಲಿ ಹಸಿವಿನಿಂದ ಸೊರಗಿದ ಕಪ್ಪು ಜನರ ಮಕ್ಕಳಿಗೆ ಆಹಾರವನ್ನೇ ಔಷಧಿಯ ಚೀಟಿಯಲ್ಲಿ ಬರೆದುಕೊಟ್ಟರು. ಇಂದು ಅಮೆರಿಕದಲ್ಲಿ ಒಕ್ಕೂಟ ಸರ್ಕಾರದ ಅನುದಾನ ಪಡೆಯುವ ಸಮುದಾಯ ಆರೋಗ್ಯ ಕೇಂದ್ರಗಳ ಆಡಳಿತ ಮಂಡಳಿಯಲ್ಲಿ ಕನಿಷ್ಠ ಶೇ 51ರಷ್ಟು ಜನ ಅಲ್ಲಿ ಚಿಕಿತ್ಸೆ ಪಡೆಯುವವರೇ ಆಗಿರಬೇಕೆಂಬುದು ಕಾನೂನು. ನಮ್ಮಲ್ಲಿ ರೋಗಿ ಕಲ್ಯಾಣ ಸಮಿತಿಗಳಿವೆ, ಆದರೆ ಅವುಗಳಲ್ಲಿ ರೋಗಿಗಳಿಗೆ ಇಂಥ ಬಹುಮತ ಇಲ್ಲ.

ಕರ್ನಾಟಕದ ಓದುಗರಿಗೂ ಈ ಮಾದರಿ ಹೊಸದಲ್ಲ. ಬಿಳಿಗಿರಿರಂಗನ ಬೆಟ್ಟದಲ್ಲಿ ಎಚ್. ಸುದರ್ಶನ್ 1981ರಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರ ನಡುವೆ, ಹೆಗ್ಗಡದೇವನಕೋಟೆಯಲ್ಲಿ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಜೇನುಕುರುಬರು ಮತ್ತು ಕಾಡುಕುರುಬರ ನಡುವೆ ಇದೇ ದಾರಿಯಲ್ಲಿ ನಡೆದಿವೆ. ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ನಡೆಸುವ ಹೊಣೆಯನ್ನು 1996ರಲ್ಲಿ ಕರುಣಾ ಟ್ರಸ್ಟ್‌ಗೆ ವಹಿಸಿದ್ದು ಸರ್ಕಾರ ಮತ್ತು ಸ್ವಯಂಸೇವಾ ಸಂಸ್ಥೆ ಕೂಡಿ ದುಡಿಯಬಹುದೆಂಬುದಕ್ಕೆ ಸಾಕ್ಷಿ.

ಮಾದರಿಗಳು ಹೀಗೆ ಅಕ್ಕಪಕ್ಕದಲ್ಲೇ ಇದ್ದರೂ ರಾಜ್ಯಗಳ ಗಡಿ ಅವುಗಳ ನಡುವೆ ಗೋಡೆಯಾಗಿದೆ. ಬೆಟ್ಟಕುರುಂಬರು, ಜೇನುಕುರುಬರು ಮತ್ತು ಅವರ ನಂಟರಾದ ಕಾಟ್ಟುನಾಯಕರು ಗುಂಡ್ಲುಪೇಟೆ, ಮಸಿನಗುಡಿ, ಗೂಡಲೂರು, ವಯನಾಡು ಎಲ್ಲೆಡೆ ಇದ್ದಾರೆ. ಅವರ ನುಡಿಗಳು ಕನ್ನಡಕ್ಕೆ ಹತ್ತಿರ. ಕೂಲಿಗೆ, ಮದುವೆಗೆ, ಹಬ್ಬಕ್ಕೆ ಗಡಿ ದಾಟುವುದು ಅವರಿಗೆ ಮಾಮೂಲು. ರೋಗಿಯ ದಾಖಲೆ ಮಾತ್ರ ಗಡಿ ದಾಟುವುದಿಲ್ಲ. ತಮಿಳುನಾಡಿನ ಮುಖ್ಯಮಂತ್ರಿ ಆರೋಗ್ಯ ವಿಮೆಗೆ ಆ ರಾಜ್ಯದ ಪಡಿತರ ಚೀಟಿ, ಆದಾಯ ಪ್ರಮಾಣಪತ್ರ ಬೇಕು. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ 2012–13ರ ಹೊತ್ತಿಗೆ ಬಂಡೀಪುರ ಮತ್ತು ಮುದುಮಲೆಯಲ್ಲೂ ಕಾಣಿಸಿಕೊಂಡು, ಆಮೇಲೆ ವಯನಾಡನ್ನು ಬಾಧಿಸಿತು. ಈ ರೋಗ ಹರಡುವ ಉಣ್ಣಿಗೆ ಚೆಕ್‌ಪೋಸ್ಟ್ ಇಲ್ಲ. ಗುಂಡ್ಲುಪೇಟೆಯ ಕಾಡಿನಲ್ಲಿ ಮಂಗ ಸತ್ತರೆ ಅದೇ ದಿನ ಮಸಿನಗುಡಿಯ ಕಾರ್ಯಕರ್ತೆಗೆ ತಿಳಿಯಬೇಕು. ಸೌದೆ ತರಲು, ದನ ಮೇಯಿಸಲು ಕಾಡಿಗೆ ಹೋಗುವವರನ್ನು ಎಚ್ಚರಿಸುವವಳು ಅವಳೇ.

ಹಾಡಿಯ ಕಾರ್ಯಕರ್ತರನ್ನು ನೆಚ್ಚುವ ಈ ಮಾದರಿಗೆ ಎರಡು ಆಕ್ಷೇಪಗಳಿವೆ. ಆರೋಗ್ಯ ಸರ್ಕಾರದ ಹೊಣೆ, ಸ್ವಯಂಸೇವಾ ಸಂಸ್ಥೆಗಳನ್ನು ಹೊಗಳಿದರೆ ಸರ್ಕಾರ ಜಾರಿಕೊಳ್ಳುತ್ತದೆ ಎಂಬುದು ಮೊದಲನೆಯದು. ಹೊಣೆ ಸರ್ಕಾರದ್ದೇ ಎಂಬುದರಲ್ಲಿ ಅನುಮಾನವಿಲ್ಲ. ಅದಕ್ಕಾಗಿಯೇ ದಾನಿಗಳ ದಯೆಯ ಮೇಲೆ ನಿಂತಿರುವ ಕೆಲಸಕ್ಕೆ ಸರ್ಕಾರಿ ಬಜೆಟ್ಟಿನಲ್ಲಿ ಸ್ಥಾನ ಬೇಕೆಂದು ಕೇಳಬೇಕಾಗಿದೆ. ಕಡಿಮೆ ಓದಿದವರ ಕೈಗೆ ರೋಗಿಯನ್ನು ಒಪ್ಪಿಸುವುದು ಎರಡನೇ ದರ್ಜೆಯ ಚಿಕಿತ್ಸೆ ಎಂಬುದು ಎರಡನೆಯದು. ವೈದ್ಯರ ಬದಲಿಗೆ ಕಾರ್ಯಕರ್ತೆ ಸಾಕೆಂದು ಗೂಡಲೂರು ಯಾವತ್ತೂ ಹೇಳಿಲ್ಲ. ಅಲ್ಲಿ ಶಸ್ತ್ರಚಿಕಿತ್ಸಕರಿದ್ದಾರೆ, ಪ್ರಸೂತಿ ತಜ್ಞರಿದ್ದಾರೆ. ಅವರ ವಿದ್ಯೆ ಹಾಡಿಯವರೆಗೆ ತಲುಪಿದ್ದು ಮಾತ್ರ ಕಾರ್ಯಕರ್ತೆಯರ ಕಾಲ್ನಡಿಗೆಯಿಂದ.

ಆದ್ದರಿಂದ ಮೂರು ಕೆಲಸಗಳು ತಡವಿಲ್ಲದೆ ಆಗಬೇಕು. ಒಂದು, ನೀಲಗಿರಿಯ ಪ್ರತಿ ಆದಿವಾಸಿ ಹಾಡಿಗೆ ಆ ಸಮುದಾಯದವರೇ ಆದ ಆರೋಗ್ಯ ಕಾರ್ಯಕರ್ತರನ್ನು ನೇಮಿಸಿ, ಪ್ರೋತ್ಸಾಹಧನದ ಬದಲು ತಿಂಗಳ ಸಂಬಳ ಕೊಡಬೇಕು. ಊಟಿಯ ಹೊಸ ವೈದ್ಯಕೀಯ ಕಾಲೇಜು ಅವರ ತರಬೇತಿಯ ಹೊಣೆ ಹೊರಬೇಕು, ತನ್ನ ವಿದ್ಯಾರ್ಥಿಗಳನ್ನೂ ಅವರೊಂದಿಗೆ ಹಾಡಿಗೆ ಕಳುಹಿಸಬೇಕು. ಎರಡು, ಆದಿವಾಸಿ ಪ್ರದೇಶದ ಆರೋಗ್ಯ ಕೇಂದ್ರಗಳ ಸಮಿತಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಥಾನ ಅಲ್ಲಿ ಚಿಕಿತ್ಸೆ ಪಡೆಯುವವರಿಗೆ ಸಿಗಬೇಕು. ಕೇಂದ್ರ ಎಷ್ಟು ಹೊತ್ತಿಗೆ ತೆರೆಯಬೇಕು, ವಾಹನ ಎಲ್ಲಿಯವರೆಗೆ ಬರಬೇಕು ಎಂದು ನಿರ್ಧರಿಸಬೇಕಾದವರು ಅವರು. ಮೂರು, ಚಾಮರಾಜನಗರ, ನೀಲಗಿರಿ ಮತ್ತು ವಯನಾಡು ಜಿಲ್ಲೆಗಳ ಆರೋಗ್ಯ ಇಲಾಖೆಗಳು ಸಿಕಲ್ ಸೆಲ್, ಕ್ಷಯ ಮತ್ತು ಮಂಗನ ಕಾಯಿಲೆಯ ಮಾಹಿತಿಯನ್ನು ನಿತ್ಯ ಹಂಚಿಕೊಳ್ಳುವ ವ್ಯವಸ್ಥೆ ಆಗಬೇಕು. ರೋಗಿ ಗಡಿಯ ಯಾವ ಬದಿಯಲ್ಲಿದ್ದರೂ ಅವರ ಕಾರ್ಡಿಗೆ ಮಾತ್ರೆ ಸಿಗಬೇಕು. ಇದಕ್ಕೆ ಕರ್ನಾಟಕವೇ ಮೊದಲ ಪತ್ರ ಬರೆಯಬಹುದು.

ಇವುಗಳಲ್ಲಿ ಯಾವುದಕ್ಕೂ ಹೊಸ ಕಟ್ಟಡ ಬೇಡ, ಹೊಸ ಸಂಶೋಧನೆಯೂ ಬೇಡ. 1952ರಲ್ಲಿ ತಿಳಿದ ಸಂಗತಿ ಹಾಡಿ ತಲುಪಲು ಏಳು ದಶಕ ಬೇಕಾಯಿತು. ಈಗ ತಿಳಿದಿರುವುದು ತಲುಪಲು ಇನ್ನೊಂದು ತಲೆಮಾರು ಕಾಯುವಂತೆ ಆದಿವಾಸಿಗಳಿಗೆ ಹೇಳುವ ಹಕ್ಕು ಯಾವ ಸರ್ಕಾರಕ್ಕೂ ಇಲ್ಲ.