ಹಾಯಿಪಯಣವೂ ಪಂಚಾಂಗವೂ

ಪೋರ್ಚುಗಲ್ಲಿನ ಲಿಸ್ಬನ್ನಿನಿಂದ ಪಶ್ಚಿಮಕ್ಕೆ ಸುಮಾರು 1,400 ಕಿಲೋಮೀಟರು ದೂರದಲ್ಲಿ, ಅಟ್ಲಾಂಟಿಕ್ ಸಾಗರದ ನಡುವೆ ಅಜೋರ್ಸ್ ದ್ವೀಪಸ್ತೋಮವಿದೆ. ಗಂಟೆಗೆ 9 ಕಿಲೋಮೀಟರು ಸಾಗುವ ಹಾಯಿದೋಣಿಗೆ ಇದು ಏಳು ದಿನಗಳೊಳಗಿನ ದಾರಿ. ಲೆಕ್ಕ ಸರಿಯೇ, ಆದರೆ ಗಾಳಿ ಈ ಲೆಕ್ಕಕ್ಕೆ ಬದ್ಧವಲ್ಲ.

ಬೇಸಗೆಯಲ್ಲಿ ಈ ದ್ವೀಪಗಳ ಆಸುಪಾಸಿನಲ್ಲಿ ವಾಯುಭಾರವು ಅಧಿಕವಾಗಿರುತ್ತದೆ. ಬಿರುಗಾಳಿಗಳು ಸಾಮಾನ್ಯವಾಗಿ ಇದರ ಉತ್ತರಕ್ಕೆ ಹಾದುಹೋಗುವುದರಿಂದ ಪಯಣಕ್ಕೆ ಈ ಋತುವೇ ಪ್ರಶಸ್ತ. ಆದರೆ ಆ ವಲಯದ ನಡುವೆ ಗಾಳಿ ತೀರ ಮಂದ. ಅಲ್ಲಿ ಸಿಲುಕಿದ ದೋಣಿ ದಿನಗಟ್ಟಲೆ ನಿಂತಲ್ಲೇ ನಿಲ್ಲಬಹುದು. ಯಂತ್ರವಿದ್ದರೂ ಸಣ್ಣ ದೋಣಿ ಹೊರಬಲ್ಲ ಇಂಧನ ಅಲ್ಪವೇ. ಅಮೆರಿಕದ ನೌಕಾಧಿಕಾರಿ ಮ್ಯಾಥ್ಯೂ ಮೌರಿ 1847ರಿಂದ ನಾವಿಕರ ದಿನಚರಿಗಳನ್ನು ಆಧರಿಸಿ ಗಾಳಿ ಮತ್ತು ಪ್ರವಾಹಗಳ ನಕ್ಷೆಗಳನ್ನು ಪ್ರಕಟಿಸಿದನು. ಇಂದು ಉಪಗ್ರಹಗಳ ನೆರವೂ ಉಂಟು. ಆದರೂ ಹಲವು ದಿನಗಳಾಚೆಗಿನ ಹವೆಯ ವಿಷಯದಲ್ಲಿ ಇವೆಲ್ಲ ತಿಳಿಸುವುದು ಸಂಭವವನ್ನು ಮಾತ್ರ.

ಆದುದರಿಂದ ಏಳು ದಿನದ ಪಯಣಕ್ಕೆ ಹದಿನಾಲ್ಕು ದಿನದ ನೀರನ್ನೂ ಆಹಾರವನ್ನೂ ಒಯ್ಯಬೇಕು. ಮರಳುವ ದಿನವನ್ನು ಮೊದಲೇ ಗೊತ್ತುಮಾಡಬಾರದು ಎಂಬುದು ನಮ್ಮ ಅಭಿಪ್ರಾಯ. ರಜೆ ಮುಗಿಯಿತೆಂಬ ಅವಸರದಿಂದ ಕೆಟ್ಟ ಹವೆಯಲ್ಲಿ ಹೊರಡುವವರು ತಮ್ಮ ಪ್ರಾಣವನ್ನೂ ಜೊತೆಯವರ ಪ್ರಾಣವನ್ನೂ ಪಣವಿಟ್ಟಂತೆ. ಅನಿಶ್ಚಯಕ್ಕೆ ಎಡೆಗೊಡುವುದೂ ಗಣಿತದ ಒಂದು ಭಾಗವೆಂಬುದನ್ನು ವಿದ್ಯಾರ್ಥಿಗಳು ಮನಗಾಣಬೇಕು.